ಓಲಾಡುವ ಬೋಟಿನಲ್ಲಿ ಫಿಲ್ಟರ್ ಕಾಫಿ: ಡಿಕಾಕ್ಷನ್‌ನಿಂದ ಲೋಟದವರೆಗೆ

ಫಿಲ್ಟರ್ ಮಗುಚಿತು. ಡಿಕಾಕ್ಷನ್ ಇಳಿಯಲೇ ಇಲ್ಲ. ಹಾಲು ಒಡೆಯಿತು. ಬಾಯಿಗಿಟ್ಟರೆ ಡೀಸೆಲ್ ವಾಸನೆ. ಬೋಟಿನಲ್ಲಿ ಕಾಫಿ ಮಾಡಲು ಹೋಗಿ ಕೈಬಿಟ್ಟವರೆಲ್ಲ ಹೇಳುವುದು ಇದನ್ನೇ. ಕೊನೆಗೆ ದೂರುವುದು ಮಾತ್ರ ಕಡಲನ್ನು. ಅಲೆಯ ಕಾಟ ಇಲ್ಲವೆಂದಲ್ಲ, ಆದರೆ ಕಾಫಿ ಕೆಡುವುದು ಜಾಸ್ತಿ ಕೆಲಸದ ಕ್ರಮದಿಂದ.

ಮನೆಯಲ್ಲಿ ನೀರು ಕಾಯಿಸಿ, ಫಿಲ್ಟರಿಗೆ ಸುರಿದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಾಲು ಕಾಯಿಸಿ, ಬೆರೆಸಿ ಕುಡಿದುಬಿಡುತ್ತೇವೆ. ಬೋಟಿನಲ್ಲಿ ಹಾಗೆ ಅರ್ಧ ಗಂಟೆ ಒಂದೇ ಕಡೆ ನಿಲ್ಲಲು ಪುರುಸೊತ್ತೂ ಸಿಗುವುದಿಲ್ಲ, ನಿಂತ ಜಾಗವೂ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಕಾಫಿ ಎಂದರೆ ಎರಡು ಬೇರೆ ಬೇರೆ ಕೆಲಸ. ಡಿಕಾಕ್ಷನ್ ಇಳಿಸುವುದು ಒಂದು. ಅದನ್ನು ಬೋಟಿನ ಓಲಾಟ ಸ್ವಲ್ಪ ಕಮ್ಮಿ ಇರುವ ಹೊತ್ತು ನೋಡಿ ಮಾಡಿ, ಮುಚ್ಚಿಟ್ಟುಬಿಡಬೇಕು. ಹಾಲು ಬೆರೆಸಿ ಹಂಚುವುದು ಇನ್ನೊಂದು. ಅದು ಐದು ನಿಮಿಷದ ಕೆಲಸ. ಎರಡನ್ನೂ ಒಟ್ಟಿಗೆ ಮಾಡಲು ಹೋದವರ ಕಾಫಿಯೇ ನೆಲಕ್ಕೆ ಬೀಳುವುದು.

ಮಲ್ಪೆ, ಗಂಗೊಳ್ಳಿ, ಮಂಗಳೂರಿನಿಂದ ಎಂಟು-ಹತ್ತು ದಿನಕ್ಕೆ ಆಳಸಮುದ್ರಕ್ಕೆ ಹೋಗಿ, ಬಲೆ ಎಳೆಯುತ್ತಾ ಮೀನು ಹಿಡಿಯುವ ಟ್ರಾಲ್ ಬೋಟನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಎಂಟು ಜನ, ಕ್ಯಾಬಿನ್ ಹಿಂದೆ ಒಂದು ಪುಟ್ಟ ಅಡುಗೆ ಜಾಗ, ಒಂದು ಗ್ಯಾಸ್ ಒಲೆ. ಹಾಯಿದೋಣಿಯವರೂ ಇದೇ ಕ್ರಮ ಹಿಡಿಯಬಹುದು. ನಾಡದೋಣಿಯವರು ಮಾತ್ರ ಒಲೆಯ ಮಾತು ಬಿಟ್ಟು ಸೀದಾ 8ನೇ ಹಂತಕ್ಕೆ ಹೋಗಿ.

## ಹಂತ 1: ದಕ್ಕೆ (ಬೋಟು ಕಟ್ಟುವ ಕಟ್ಟೆ) ಬಿಡುವ ಮುಂಚೆ ಲೆಕ್ಕ ಹಾಕಿ

ನಡುಗಡಲಿನಲ್ಲಿ ಪುಡಿ ಖಾಲಿಯಾದರೆ ಅಂಗಡಿ ಇಲ್ಲ. ಸುಮ್ನೆ ಅಂದಾಜಿಗೆ ಎರಡು ಪ್ಯಾಕೆಟ್ ಎತ್ತಿಕೊಂಡು ಬರುವವರೇ ಆರನೇ ದಿನ ತೆಳು ಕಾಫಿ ಕುಡಿಯುತ್ತಾರೆ. ಲೆಕ್ಕ ಕಷ್ಟದ್ದಲ್ಲ. ಒಂದು ಲೋಟ ಎಂದರೆ 150 ಮಿಲಿಲೀಟರ್ ಇಟ್ಟುಕೊಳ್ಳಿ. ಅದರಲ್ಲಿ 50 ಡಿಕಾಕ್ಷನ್, 100 ಹಾಲು. 8 ಜನ, ದಿನಕ್ಕೆ 2 ಸಲ, 10 ದಿನ ಎಂದರೆ 160 ಲೋಟ.

- ಕಾಫಿ ಪುಡಿ: ಲೋಟಕ್ಕೆ 12 ಗ್ರಾಂ, ಒಟ್ಟು 2 ಕಿಲೋ
- ಹಾಲಿನ ಪುಡಿ: ಲೀಟರಿಗೆ ಸುಮಾರು 125 ಗ್ರಾಂ, 16 ಲೀಟರಿಗೆ 2 ಕಿಲೋ
- ಸಕ್ಕರೆ: ಲೋಟಕ್ಕೆ 2 ಚಮಚ, ಒಟ್ಟು 1.6 ಕಿಲೋ
- ಸಿಹಿನೀರು: ಡಿಕಾಕ್ಷನ್‌ಗೆ 12 ಲೀಟರ್, ಹಾಲು ಕಲಸಲು 16 ಲೀಟರ್

ನೀರಿನ ಲೆಕ್ಕ 28 ಲೀಟರಿಗೆ ನಿಂತಿತು. ಆದರೆ ಕಾಫಿಗೆಂದೇ 20 ಲೀಟರಿನ ಎರಡು ಕ್ಯಾನ್ ಬೇರೆ ಇಡಿ. ಮಿಕ್ಕಿದ್ದು ಪಾತ್ರೆ ತೊಳೆಯಲು, ಅಕಸ್ಮಾತ್ ಕೈ ಸುಟ್ಟುಕೊಂಡರೆ ಅದಕ್ಕೂ ಬೇಕು. ಬೋಟಿನ ಟ್ಯಾಂಕಿನ ನೀರನ್ನು ಕಾಫಿಗೆ ಬಳಸಬೇಡಿ. ಅನ್ನಕ್ಕೆ, ಸಾರಿಗೆ ಅದು ನಡೆಯುತ್ತದೆ. ಕಾಫಿಯಲ್ಲಿ ಮಾತ್ರ ಪ್ಲಾಸ್ಟಿಕ್ ವಾಸನೆ, ತುಕ್ಕಿನ ರುಚಿ ಎರಡೂ ಎದ್ದು ಕಾಣುತ್ತವೆ. ಕ್ಯಾನ್ ತುಂಬಿಸುವ ಮೊದಲು ಒಂದು ಲೋಟ ನೀರು ಬರಿದೇ ಕುಡಿದು ನೋಡಿ. ಏಪ್ರಿಲ್-ಮೇ ಬಂತೆಂದರೆ ಕರಾವಳಿಯ ಎಷ್ಟೋ ಬಾವಿಗಳಿಗೆ ಉಪ್ಪುನೀರು ನುಗ್ಗುತ್ತದೆ. ಬಾಯಿಗೆ ಅಷ್ಟಾಗಿ ಗೊತ್ತಾಗದಿದ್ದರೂ ಆ ನೀರಿನ ಕಾಫಿ ಸಪ್ಪೆ ಹೊಡೆಯುತ್ತದೆ.

ಪುಡಿ ಯಾವುದು ತರಬೇಕು? ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಚಿಕೋರಿ 49 ಶೇಕಡಾದವರೆಗೂ ಇರಬಹುದು. ಬೋಟಿಗೆ ಅಷ್ಟು ಬೇಡ. ಚಿಕೋರಿಗೆ ತೇವ ಬೇಗ ಹಿಡಿಯುತ್ತದೆ. ಕಡಲ ಗಾಳಿಗೆ ಎರಡೇ ದಿನದಲ್ಲಿ ಗಂಟು ಕಟ್ಟುತ್ತದೆ. ಅದು ಜಾಸ್ತಿ ಇದ್ದಷ್ಟೂ ಡಿಕಾಕ್ಷನ್ ಇಳಿಯುವುದೂ ನಿಧಾನ. 80ಕ್ಕೆ 20ರ ಮಿಶ್ರಣ ಕೇಳಿ. ಹಾಲಿನ ಪುಡಿಯ ಕಾಫಿ ತೀರಾ ತೆಳು ಅನ್ನಿಸುವವರು 70ಕ್ಕೆ 30 ತನ್ನಿ, ಅದಕ್ಕಿಂತ ಮೇಲೆ ಹೋಗಬೇಡಿ. ಪುಡಿ ಮಾಡಿಸುವಾಗ ಮನೆಯ ಫಿಲ್ಟರಿಗೆ ಬೇಕಾದ್ದಕ್ಕಿಂತ ಒಂಚೂರು ತರಿಯಾಗಿ ಎಂದು ಹೇಳಿ. ಯಾಕೆ ಅನ್ನುವುದು 5ನೇ ಹಂತದಲ್ಲಿದೆ.

2 ಕಿಲೋ ಪುಡಿಯನ್ನು ಒಂದೇ ಡಬ್ಬಿಗೆ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಹತ್ತು ದಿನದಲ್ಲಿ ಇಪ್ಪತ್ತು ಸಲ ಒದ್ದೆ ಕೈ, ಒದ್ದೆ ಚಮಚ ಅದರೊಳಗೆ ಹೋಗುತ್ತದೆ. ದಿನಕ್ಕೊಂದರಂತೆ 200 ಗ್ರಾಮಿನ ಹತ್ತು ಪೊಟ್ಟಣ ಕಟ್ಟಿಸಿ, ಎಲ್ಲವನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಬರೀ ಪ್ಲಾಸ್ಟಿಕ್ ಕವರ್ ಆದರೆ ಡೀಸೆಲ್ ವಾಸನೆ ಒಳಗೆ ಇಳಿಯುತ್ತದೆ. ಡಬ್ಬಿಯ ಜಾಗ ಎಂಜಿನ್ ರೂಮಿನ ಗೋಡೆಯ ಪಕ್ಕ ಅಲ್ಲ, ಐಸ್ ತುಂಬುವ ಸ್ಟೋರಿನಲ್ಲೂ ಅಲ್ಲ. ಮಲಗುವ ಜಾಗದ ತಲೆಯ ಮೇಲಿನ ಹಲಗೆ ಒಳ್ಳೆಯದು. ಒಣಗಿರುತ್ತದೆ, ಕಣ್ಣಿಗೂ ಬೀಳುತ್ತಿರುತ್ತದೆ.

ಇನ್ನು ಬೇಕಾದ ಸಾಮಾನು:

- ದೊಡ್ಡ ಸ್ಟೀಲ್ ಫಿಲ್ಟರ್. ಕೆಳಗಿನ ಪಾತ್ರೆ ಅರ್ಧ ಲೀಟರ್ ಹಿಡಿಯಬೇಕು
- ಒಂದೊಂದು ಲೀಟರಿನ ಎರಡು ಸ್ಟೀಲ್ ಫ್ಲಾಸ್ಕ್. ಗಾಜಿನ ಒಳಭಾಗದ್ದು ಖಂಡಿತ ಬೇಡ
- ಮುಚ್ಚಳ ಇರುವ ಎತ್ತರದ ಹಾಲಿನ ಪಾತ್ರೆ, ಹಾಲಿಗೆ ಮಾತ್ರ
- ಉದ್ದ ಹಿಡಿಯ ಸೌಟು
- ಅಗಲ ತಳದ, ಹಿಡಿ ಇರುವ ಸ್ಟೀಲ್ ಮಗ್ಗುಗಳು
- ಗೋಣಿ ತಾಟು, ಹಳೇ ಟವೆಲ್, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಅಗಲ ರಬ್ಬರ್ ಪಟ್ಟಿ

## ಹಂತ 2: ಒಲೆಯ ಸುತ್ತ ಭದ್ರ ಮಾಡಿ

ಒಲೆಯನ್ನು ಬೋಲ್ಟ್ ಹಾಕಿ ಹಲಗೆಗೆ ಬಿಗಿಯಬೇಕು. ಅದರ ಮೇಲೆ ಪಾತ್ರೆ ಜಾರದಂತೆ ನಾಲ್ಕೂ ಬದಿಗೆ ಕಬ್ಬಿಣದ ಸರಳಿನ ಚೌಕಟ್ಟು ಬೇಕು. ವೆಲ್ಡಿಂಗ್‌ನವರಿಗೆ ಇದು ದೊಡ್ಡ ಕೆಲಸವಲ್ಲ. ಸರಳಿನ ಎತ್ತರ ಪಾತ್ರೆಯ ಅರ್ಧಕ್ಕಾದರೂ ಬರಬೇಕು. ಎರಡು ಇಂಚಿನ ಸರಳು ನೋಡಲಿಕ್ಕೆ ಚೆಂದ, ಪಾತ್ರೆ ಅದರ ಮೇಲಿಂದ ಹಾರಿ ಬೀಳುತ್ತದೆ. ಹಾಯಿದೋಣಿಗಳಲ್ಲಿ ಒಲೆಯೇ ತೂಗಾಡುವ ಹಾಗೆ ನೇತುಹಾಕಿರುತ್ತಾರೆ, ದೋಣಿ ವಾಲಿದರೂ ಒಲೆ ಮಟ್ಟವಾಗಿ ಉಳಿಯುತ್ತದೆ. ನಮ್ಮ ಬೋಟುಗಳಲ್ಲಿ ಅದಿಲ್ಲ. ಹಾಗಾಗಿ ಪಾತ್ರೆಯನ್ನು ಅರ್ಧಕ್ಕಿಂತ ಮೇಲೆ ಯಾವತ್ತೂ ತುಂಬಿಸಬೇಡಿ. ಒಂದು ಲೀಟರ್ ಹಾಲಿಗೆ ಎರಡೂವರೆ ಲೀಟರಿನ ಪಾತ್ರೆ.

ನೀವು ನಿಲ್ಲುವ ಜಾಗ ಇನ್ನೂ ಮುಖ್ಯ. ಬೋಟು ಓಲಾಡುವುದು ಹೆಚ್ಚಾಗಿ ಎಡಕ್ಕೆ, ಬಲಕ್ಕೆ. ಬಿಸಿ ಹಾಲು ಚೆಲ್ಲುವುದೂ ಆ ಕಡೆಗೇ. ಆದ್ದರಿಂದ ಒಲೆಯ ಎಡ-ಬಲ ಬದಿಗೆ ನಿಲ್ಲಬೇಡಿ. ಬೋಟಿನ ಮುಂಭಾಗದ ಕಡೆಗೋ ಹಿಂಭಾಗದ ಕಡೆಗೋ ನಿಂತು ಕೈ ಚಾಚಿ ಕೆಲಸ ಮಾಡಿ. ಸೊಂಟದಿಂದ ಕೆಳಗೆ ರಬ್ಬರಿನ ಏಪ್ರನ್ ಇರಲಿ, ಡೆಕ್ ಮೇಲೆ ಮೀನು ವಿಂಗಡಿಸುವಾಗ ಹಾಕಿಕೊಳ್ಳುವಂಥದ್ದೇ ಸಾಕು, ಆದರೆ ತೊಳೆದದ್ದು. ಕಾಲಿಗೆ ಬೂಟು. ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ ಬಿಸಿ ಹಾಲು ಇಳಿಸುವವರನ್ನು ನೋಡಿದರೆ ಮೈ ಜುಮ್ ಎನ್ನುತ್ತದೆ.

ಸುಟ್ಟರೆ ಮಾಡಬೇಕಾದ್ದು ಒಂದೇ. ತಣ್ಣನೆಯ ಸಿಹಿನೀರನ್ನು 20 ನಿಮಿಷ ಸುರಿಯುತ್ತಿರಬೇಕು. ಉಂಗುರ, ಬಳೆ, ವಾಚು ಇದ್ದರೆ ಊತ ಬರುವ ಮೊದಲೇ ತೆಗೆಯಿರಿ. ಬೋಟಿನ ತುಂಬ ಐಸ್ ಇರುತ್ತದಲ್ಲ ಎಂದು ಅದನ್ನೇ ಗಾಯಕ್ಕೆ ಒತ್ತಬೇಡಿ, ಚರ್ಮ ಇನ್ನಷ್ಟು ಕೆಡುತ್ತದೆ. ಟೂತ್‌ಪೇಸ್ಟ್, ಅರಿಶಿನ ಯಾವುದೂ ಬೇಡ.

## ಹಂತ 3: ಗ್ಯಾಸ್ ಹಚ್ಚುವ ಮೊದಲು

ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಕೆಳಗಿಂದಾದರೂ ಹೊರಗೆ ಹೋಗುತ್ತದೆ. ಬೋಟಿನಲ್ಲಿ ಅದು ಕೆಳಗಿಳಿದು ಎಂಜಿನ್ ಇರುವ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಅಲ್ಲೇ ಬ್ಯಾಟರಿ, ಅಲ್ಲೇ ಪಂಪಿನ ಸ್ವಿಚ್. ಒಂದು ಕಿಡಿ ಸಾಕು. ಆದ್ದರಿಂದ ಸಿಲಿಂಡರ್ ಡೆಕ್ ಮೇಲೆ, ತೆರೆದ ಗಾಳಿಯಲ್ಲಿ, ನೆಟ್ಟಗೆ ಕಟ್ಟಿ ನಿಲ್ಲಿಸಿರಬೇಕು. ಕ್ಯಾಬಿನ್ ಒಳಗೆ, ಮಲಗುವ ಹಲಗೆಯ ಅಡಿಯಲ್ಲಿ ಇಡುವ ಅಭ್ಯಾಸ ಬಿಟ್ಟುಬಿಡಿ.

ಕ್ರಮ ಹೀಗೆ. ಮೊದಲು ಕೆಳಗೆ ಬಗ್ಗಿ ಮೂಸಿ ನೋಡಿ, ನಿಂತು ಮೂಸಿದರೆ ಗೊತ್ತಾಗುವುದಿಲ್ಲ. ವಾಸನೆ ಇಲ್ಲದಿದ್ದರೆ ಸಿಲಿಂಡರಿನ ರೆಗ್ಯುಲೇಟರ್ ತೆರೆಯಿರಿ. ಕಡ್ಡಿ ಗೀರಿ ಬರ್ನರ್ ಪಕ್ಕ ಹಿಡಿದು ಆಮೇಲೆ ಒಲೆಯ ತಿರುಪು ತಿರುಗಿಸಿ. ಕೆಲಸ ಮುಗಿದ ಮೇಲೆ ಮೊದಲು ರೆಗ್ಯುಲೇಟರ್ ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸ್ ಉರಿದು ಜ್ವಾಲೆ ತಾನೇ ಆರಿದ ಮೇಲೆ ಒಲೆಯ ತಿರುಪು ಮುಚ್ಚಿ. ವಾರಕ್ಕೊಮ್ಮೆ ಪೈಪಿನ ಎರಡೂ ತುದಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದೇ ಅರ್ಥ.

ಎಚ್ಚರಿಕೆಯ ಲಕ್ಷಣಗಳು ಮೂರು. ಜ್ವಾಲೆ ನೀಲಿ ಬಿಟ್ಟು ಹಳದಿಯಾಗಿ, ಪಾತ್ರೆಯ ತಳಕ್ಕೆ ಮಸಿ ಹಿಡಿದರೆ ಗಾಳಿ ಸಾಲುತ್ತಿಲ್ಲ. ಮುಚ್ಚಿದ ಕ್ಯಾಬಿನ್‌ನಲ್ಲಿ ಅದು ವಿಷಗಾಳಿ ಕಟ್ಟುವ ಲಕ್ಷಣ. ಅಡುಗೆ ಮಾಡುವವರಿಗೆ ತಲೆ ಸಿಡಿದರೆ ಕಡಲು ಹಿಡಿದಿದೆ (ಓಲಾಟಕ್ಕೆ ಬರುವ ತಲೆಸುತ್ತು, ವಾಕರಿಕೆ) ಎಂದು ಬಿಟ್ಟುಬಿಡಬೇಡಿ, ಮೊದಲು ಹೊರಗೆ ಕರೆತನ್ನಿ. ಗಾಳಿಗೆ ಒಲೆ ಪದೇ ಪದೇ ಆರುತ್ತಿದ್ದರೆ ಬರ್ನರಿನ ಗಾಳಿ ಬರುವ ಬದಿಗೆ ತಗಡು ನಿಲ್ಲಿಸಿ, ಅಲ್ಲಿಯವರೆಗೆ ಹಚ್ಚಬೇಡಿ.

ಕೆಳಗೆ ಗ್ಯಾಸ್ ವಾಸನೆ ಬಂದೇಬಿಟ್ಟರೆ ಸಿಲಿಂಡರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ನಿಂತಿರುವ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಪ್ಲಾಸ್ಟಿಕ್ ಬಕೆಟ್ ತೆಗೆದುಕೊಂಡು ತಳದ ಗಾಳಿಯನ್ನು ಮೊಗೆದು ಮೊಗೆದು ಹೊರಗೆ ಚೆಲ್ಲಬೇಕು. ನೋಡಿದವರಿಗೆ ನಗು ಬರಬಹುದು. ಆದರೆ ಗ್ಯಾಸ್ ಭಾರವಾದ್ದರಿಂದ ಹಾಗೆ ಮೊಗೆದರೆ ನಿಜವಾಗಿಯೂ ಹೊರಗೆ ಹೋಗುತ್ತದೆ.

## ಹಂತ 4: ಹೊತ್ತು ನೋಡಿ

ಇಲ್ಲಿ ತಪ್ಪಿದರೆ ಮುಂದಿನದ್ದೆಲ್ಲ ತಪ್ಪು. ಕಾಫಿ ಕುಡಿಯಬೇಕು ಅನ್ನಿಸಿದಾಗ ಒಲೆ ಹಚ್ಚುವುದಲ್ಲ, ಬಲೆಯ ಕೆಲಸ ನೋಡಿ ಹಚ್ಚುವುದು.

ಅಳಿವೆ ದಾಟುವವರೆಗೆ ಒಲೆ ಮುಟ್ಟಲೇಬೇಡಿ. ಹೊಳೆ ಕಡಲು ಸೇರುವಲ್ಲಿ ಆಳ ಕಮ್ಮಿ, ತೆರೆ ಅಲ್ಲೇ ಮುರಿಯುವುದು. ಮೊದಲ ದಿನದ ಡಿಕಾಕ್ಷನ್ ದಕ್ಕೆಯಲ್ಲಿ ಬೋಟು ಕಟ್ಟಿರುವಾಗಲೇ ಇಳಿಸಿ ಫ್ಲಾಸ್ಕಿಗೆ ತುಂಬಿಕೊಂಡು ಹೊರಡಿ. ಇದೊಂದನ್ನು ಮಾಡಿದರೆ ಮೊದಲ ಸಂಜೆಯ ಅರ್ಧ ತಲೆನೋವು ಕಳೆಯಿತು.

ಕಡಲಿನಲ್ಲಿ ಸರಿಯಾದ ಹೊತ್ತು ಎಂದರೆ ಬಲೆ ಬಿಟ್ಟು, ರೋಪು ಪೂರ್ತಿ ಹೋಗಿ, ಬೋಟು 3 ನಾಟ್ (ಗಂಟೆಗೆ ಸುಮಾರು ಐದೂವರೆ ಕಿಲೋಮೀಟರ್) ಆಸುಪಾಸಿನಲ್ಲಿ ಎಳೆಯುತ್ತಾ ಸಾಗುವ ಸಮಯ. ಹಿಂದಿನ ಬಲೆಯ ಭಾರಕ್ಕೆ ಓಲಾಟ ಕಮ್ಮಿಯಾಗುತ್ತದೆ. ಒಂದೊಂದು ಎಳೆತ ಎರಡು-ಮೂರು ಗಂಟೆ ನಡೆಯುತ್ತದೆ, ನಿಮಗೆ ಬೇಕಾದ್ದು ಅರ್ಧ ಗಂಟೆ. ಒಲೆ ಹಚ್ಚುವ ಮೊದಲು ಬೋಟು ನಡೆಸುವ ತಾಂಡೇಲರಿಗೆ ಒಂದು ಮಾತು ಕೇಳಿ: "ಅಣ್ಣ, ತಿರುಗಿಸುವುದಿದೆಯಾ? ಕೆಳಗೆ ಕಲ್ಲಿದೆಯಾ?" ಬಲೆ ತಳದ ಕಲ್ಲಿಗೆ ಸಿಕ್ಕಿದರೆ ಬೋಟು ಹಠಾತ್ತನೆ ಜಗ್ಗಿ ನಿಲ್ಲುತ್ತದೆ. ಆಗ ಒಲೆಯ ಮೇಲೆ ಕುದಿಯುವ ಪಾತ್ರೆ ಇರಬಾರದು.

ಬಲೆ ಎತ್ತುವಾಗ ಬೋಟು ಅಲೆಗೆ ಅಡ್ಡ ಬೀಳುತ್ತದೆ, ಎಲ್ಲರೂ ಡೆಕ್ ಮೇಲಿರುತ್ತಾರೆ. ಆಗ ಕಾಫಿಯ ಮಾತೇ ಬೇಡ. ಎಲ್ಲರಿಗೂ ಕಾಫಿ ಬೇಕಾಗುವುದು ಮೀನು ವಿಂಗಡಿಸಿ, ಐಸ್ ಹಾಕಿ ಮುಗಿದ ಮೇಲೆ. ಅಷ್ಟರಲ್ಲಿ ಡಿಕಾಕ್ಷನ್ ಫ್ಲಾಸ್ಕಿನಲ್ಲಿ ಕೂತಿರಬೇಕು.

## ಹಂತ 5: ಡಿಕಾಕ್ಷನ್ ಇಳಿಸುವುದು

ಮೊದಲು ಫಿಲ್ಟರ್ ಕೂರಿಸುವ ಜಾಗ. ಫಿಲ್ಟರ್ ಎತ್ತರ, ತಳ ಸಣ್ಣದು, ಮೇಲೆ ಬಿಸಿನೀರಿನ ಭಾರ. ಬೀಳದೆ ಇನ್ನೇನು? ಒಂದು ದಪ್ಪ ಬಕೆಟ್ ಅಥವಾ ಐದು ಲೀಟರಿನ ಕುಕ್ಕರ್ ತೆಗೆದುಕೊಳ್ಳಿ. ತಳಕ್ಕೆ ಒದ್ದೆ ಗೋಣಿ ತಾಟು ಹಾಸಿ, ಒದ್ದೆಯಾದರೆ ಜಾರುವುದಿಲ್ಲ. ನಡುವೆ ಫಿಲ್ಟರ್ ಇಟ್ಟು ಸುತ್ತ ಟವೆಲ್ ತುರುಕಿ. ಮೇಲಿನ ಪಾತ್ರೆ, ಕೆಳಗಿನ ಪಾತ್ರೆ ಸೇರುವ ಕಡೆ ರಬ್ಬರ್ ಪಟ್ಟಿ ಬಿಗಿಯಾಗಿ ಸುತ್ತಿ. ಎಷ್ಟೋ ಸಲ ಫಿಲ್ಟರ್ ಮಗುಚುವುದೇ ಇಲ್ಲ. ಕುಲುಕಾಟಕ್ಕೆ ಮೇಲಿನದು ಓರೆಯಾಗಿ, ನೀರು ಪುಡಿಯ ಮೂಲಕ ಹೋಗದೆ ಬದಿಯಿಂದ ಸೋರಿ ಕೆಳಗಿಳಿದಿರುತ್ತದೆ. ಕಾಫಿ ಯಾಕೆ ನೀರು ನೀರು ಎಂದು ತಲೆ ಕೆರೆದುಕೊಳ್ಳುವುದು ಆಮೇಲೆ.

ಬಕೆಟನ್ನು ಎಂಜಿನ್ ಮೇಲಿನ ಹಲಗೆಯ ಮೇಲೆ ಇಡಬೇಡಿ. ಎಂಜಿನ್ ನಡುಕಕ್ಕೆ ಪುಡಿ ತಾನಾಗಿಯೇ ಒತ್ತಿಕೊಂಡು ಗಟ್ಟಿಯಾಗುತ್ತದೆ. ತರಿ ಪುಡಿ ತನ್ನಿ ಎಂದದ್ದು ಇದಕ್ಕೇ.

ಈಗ ಅಳತೆ. 8 ಜನರ ಒಂದು ಸಲಕ್ಕೆ 100 ಗ್ರಾಂ ಪುಡಿ, 600 ಮಿಲಿಲೀಟರ್ ನೀರು. ಪುಡಿ ತನ್ನ ತೂಕದ ಎರಡು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ, ಕೆಳಗೆ ಇಳಿಯುವುದು 400. ತಲೆಗೆ 50 ಆಯಿತು.

ಪುಡಿಯನ್ನು ಮೇಲಿನ ಪಾತ್ರೆಗೆ ಹಾಕಿ, ಬದಿಗೆ ಎರಡು ಸಲ ಮೆಲ್ಲಗೆ ತಟ್ಟಿ ಮಟ್ಟ ಮಾಡಿ. ಒಳಗಿನ ಬಿಲ್ಲೆಯನ್ನು ಪುಡಿಯ ಮೇಲೆ ಸುಮ್ಮನೆ ಇಟ್ಟರೆ ಸಾಕು. ಮನೆಯಲ್ಲಿ ಒತ್ತಿ ಒತ್ತಿ ಅಭ್ಯಾಸವಾದವರಿಗೆ ಕೈ ತಡೆಯುವುದಿಲ್ಲ, ಆದರೂ ಒತ್ತಬೇಡಿ.

ನೀರು ಕುದಿಸಿ. ಇಲ್ಲೊಂದು ವಿಷಯ ಘಟ್ಟದ ಮೇಲಿನವರಿಗೆ ಗೊತ್ತಿರುವುದಿಲ್ಲ. ಬೆಂಗಳೂರು ಕಡಲಮಟ್ಟದಿಂದ 900 ಮೀಟರ್ ಮೇಲಿದೆ. ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ 96ಕ್ಕೆ. ಕಡಲ ಮೇಲೆ ಪೂರ್ತಿ 100. ಘಟ್ಟದ ಮೇಲೆ ಕುದಿಯುವ ನೀರನ್ನೇ ಸುರಿದರೂ ನಡೆಯುತ್ತದೆ. ಇಲ್ಲಿ ಹಾಗೆ ಸುರಿದರೆ ಡಿಕಾಕ್ಷನ್ ಸುಟ್ಟ ಕಹಿ ಬರುತ್ತದೆ. ಒಲೆ ಆರಿಸಿ, ಗುಳ್ಳೆ ನಿಲ್ಲುವವರೆಗೆ ಒಂದು ನಿಮಿಷ ಬಿಡಿ. ಹೇಗೂ ಕುದಿಯುವ ಪಾತ್ರೆಯನ್ನು ಕೈಯಲ್ಲಿ ಹಿಡಿದು ಓಡಾಡಬಾರದು, ಎರಡೂ ಕೆಲಸ ಆಯಿತು.

ನೀರನ್ನು ಪಾತ್ರೆಯಿಂದ ಬಗ್ಗಿಸಬೇಡಿ. ಸೌಟಿನಲ್ಲಿ ಹಾಕಿ. ಮೊದಲು ಒಂದು ಸೌಟು, ಪುಡಿ ನೆನೆಯುವಷ್ಟು. ತಾಜಾ ಪುಡಿ ಆದರೆ ಬಿಲ್ಲೆಯ ಅಂಚಿನಿಂದ ಕಂದು ನೊರೆ ಉಬ್ಬಿ, ಸಣ್ಣ ಗುಳ್ಳೆಗಳು ಒಡೆಯುತ್ತಾ ಬರುತ್ತವೆ. ಒಂದು ನಿಮಿಷದಲ್ಲಿ ಅದು ಇಳಿದು, ಮಿರಮಿರ ಹೊಳೆಯುತ್ತಿದ್ದ ಮೇಲ್ಮೈ ಮಂಕಾಗುತ್ತದೆ. ಆಗ ಅರ್ಧ ನೀರು ಹಾಕಿ ಮುಚ್ಚಿ. ಅದು ಇಳಿದ ಮೇಲೆ ಉಳಿದರ್ಧ. ಒಂದೇ ಸಲ ಮೇಲಿನವರೆಗೆ ತುಂಬಿಸಿದರೆ ಮೊದಲ ಓಲಾಟಕ್ಕೇ ಚೆಲ್ಲುತ್ತದೆ.

ನೊರೆ ಬರಲೇ ಇಲ್ಲವೇ? ಪುಡಿ ಹಳತು ಅಥವಾ ತೇವ ಹಿಡಿದಿದೆ. ಕುಡಿಯಬಹುದು, ಪರಿಮಳ ಮಾತ್ರ ನಿರೀಕ್ಷಿಸಬೇಡಿ. ಹದಿನೈದು ನಿಮಿಷವಾದರೂ ಹನಿ ನಿಧಾನವಿದ್ದರೆ ಮುಚ್ಚಳ ತೆಗೆದು ಬಿಲ್ಲೆಯನ್ನು ಒಂದು ಕೂದಲೆಳೆ ಎತ್ತಿ ಬಿಡಿ, ಸಾಮಾನ್ಯವಾಗಿ ಹರಿಯುತ್ತದೆ. ಅದಕ್ಕೂ ಜಗ್ಗದಿದ್ದರೆ ಕೆಳಗಿನ ರಂಧ್ರಗಳು ಕಟ್ಟಿವೆ. ಚಮಚ ಹಾಕಿ ಕಲಕಬೇಡಿ, ಚರಟವೆಲ್ಲ ಕೆಳಗಿಳಿಯುತ್ತದೆ.

ಅಲೆ ಜೋರಿದ್ದ ದಿನ ಫಿಲ್ಟರ್ ಬಿಡಿ, ಬಟ್ಟೆ ಹಿಡಿಯಿರಿ. 600 ಮಿಲಿಲೀಟರ್ ನೀರು ಕುದಿಸಿ, ಒಲೆ ಆರಿಸಿ, ಅದೇ ಪಾತ್ರೆಗೆ 100 ಗ್ರಾಂ ಪುಡಿ ಹಾಕಿ ಮುಚ್ಚಿ. ಐದು ನಿಮಿಷದ ಮೇಲೆ ಬಟ್ಟೆಯ ಮೂಲಕ ಸೌಟಿನಿಂದ ಸೋಸಿ. ಮನೆಯಲ್ಲಿ ಚರಟ ತಳಕ್ಕೆ ಕೂರಲಿ ಎಂದು ಕಾಯುತ್ತಾರೆ. ಬೋಟಿನಲ್ಲಿ ಅದು ಕೂರುವುದೇ ಇಲ್ಲ, ಕಾದರೆ ಕಹಿ ಅಷ್ಟೇ. ಮೋಕಾ ಪಾಟ್ (ಒಲೆಯ ಮೇಲಿಟ್ಟು ಆವಿಯ ಒತ್ತಡದಲ್ಲಿ ಕಾಫಿ ಇಳಿಸುವ ಪಾತ್ರೆ) ತಂದವರಿದ್ದಾರೆ. ಡಿಕಾಕ್ಷನ್ ಚೆನ್ನಾಗೇ ಬರುತ್ತದೆ, ಆದರೆ ಒಲೆಯ ಮೇಲೆ ಅದರ ಪುಟ್ಟ ತಳ ನಿಲ್ಲುವುದಿಲ್ಲ, ಎಂಟು ಜನಕ್ಕೆ ಸಾಲುವುದೂ ಇಲ್ಲ. ಇನ್‌ಸ್ಟಂಟ್ ಒಂದು ಬಾಟಲಿ ಇಟ್ಟುಕೊಳ್ಳಿ, ನಾಚಿಕೆ ಏನಿಲ್ಲ. ಗಾಳಿ-ಮಳೆಯ ರಾತ್ರಿ ಅದೇ ಸರಿ.

ಇಳಿದ ಡಿಕಾಕ್ಷನ್ ಫ್ಲಾಸ್ಕಿಗೆ ಹೋಗಬೇಕು. ಮೊದಲು ಫ್ಲಾಸ್ಕಿಗೆ ಬಿಸಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಡಿಕಾಕ್ಷನ್ ಹಾಕಿ. ನಾಲ್ಕೈದು ಗಂಟೆ ರುಚಿ ಉಳಿಯುತ್ತದೆ, ಅದರ ಮೇಲೆ ಹುಳಿಗೆ ತಿರುಗುತ್ತದೆ. ಮಾರನೇ ದಿನಕ್ಕೆ ಬೇಕಾದರೆ ತಣ್ಣಗಾದ ಮೇಲೆ ಬಿಗಿ ಮುಚ್ಚಳದ ಬಾಟಲಿಯಲ್ಲಿ ಐಸ್ ಮೇಲೆ ಇಡಿ. ಡಿಕಾಕ್ಷನನ್ನು ಮತ್ತೆ ಒಲೆಯ ಮೇಲೆ ಮಾತ್ರ ಇಡಬೇಡಿ. ಬಿಸಿ ಬರಬೇಕಾದ್ದು ಹಾಲಿನಿಂದ.

## ಹಂತ 6: ಹಾಲು

ಮೊದಲ ಎರಡು ದಿನ ಪ್ಯಾಕೆಟ್ ಹಾಲು ನಡೆಯುತ್ತದೆ. ಅದನ್ನು ಮೀನಿನ ಐಸ್ ಒಳಗೆ ಹೂತಿಡಬೇಡಿ. ಬೇರೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ಇಡಿ. ಕತ್ತರಿಸುವ ಮೊದಲು ಪ್ಯಾಕೆಟಿನ ಹೊರಭಾಗವನ್ನು ಸಿಹಿನೀರಲ್ಲಿ ತೊಳೆಯಿರಿ. ಮೀನಿನ ಲೋಳೆ ಎಲ್ಲಿಂದ ಅಂಟಿತು ಅಂತ ಗೊತ್ತಾಗುವುದಿಲ್ಲ, ಹಾಲು ಮಾತ್ರ ಕೆಡುತ್ತದೆ.

ಆಮೇಲೆ ಹಾಲಿನ ಪುಡಿ, ಇಲ್ಲವೇ ನಂದಿನಿ ಗುಡ್‌ಲೈಫ್‌ನಂಥ ತಂಪಿಲ್ಲದೆ ಉಳಿಯುವ ಹಾಲು. ಎರಡನೆಯದರ ರುಚಿ ಮೇಲು. ಒಂದು ಲೀಟರಿನಲ್ಲಿ 800 ಮಿಲಿಲೀಟರ್ 8 ಜನರಿಗೆ ಒಂದೇ ಸಲಕ್ಕೆ ಮುಗಿಯುವುದರಿಂದ ತೆರೆದಿಟ್ಟು ಕೆಡುವ ಭಯವೂ ಕಮ್ಮಿ. ತೊಂದರೆ ಎಂದರೆ ಜಾಗ ಮತ್ತು ಖಾಲಿ ಪ್ಯಾಕ್. ಅವನ್ನು ಕಡಲಿಗೆ ಎಸೆಯಬೇಡಿ, ಚೀಲದಲ್ಲಿ ತುಂಬಿ ದಡಕ್ಕೆ ತನ್ನಿ. ಎಸೆದದ್ದು ನಾಳೆ ನಿಮ್ಮ ಬಲೆಗೇ ಬರುತ್ತದೆ.

ಹಾಲಿನ ಪುಡಿ ಗಂಟಾಗುವುದು ಕುದಿನೀರಿಗೆ ಸುರಿಯುವುದರಿಂದ. ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಬಾಟಲಿಗೆ ಅರ್ಧ ನೀರು, ಪುಡಿ ಹಾಕಿ ಮುಚ್ಚಿ ಚೆನ್ನಾಗಿ ಕುಲುಕಿ, ಉಳಿದ ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಈ ಹತ್ತು ನಿಮಿಷ ಬಿಡುವುದನ್ನು ಯಾರೂ ಮಾಡುವುದಿಲ್ಲ. ಬಿಟ್ಟು ನೋಡಿ, ಪುಡಿ ಪುಡಿ ರುಚಿ ಹೋಗಿರುತ್ತದೆ. ಕಾಯಿಸುವಾಗ ಉರಿ ಸಣ್ಣಗಿರಲಿ, ತಳ ಬೇಗ ಹಿಡಿಯುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆ ಬಂದು ಆವಿ ಎದ್ದರೆ ಸಾಕು. ಉಕ್ಕಲು ಬಿಡಬೇಡಿ.

ಹಾಲು ಒಡೆಯುತ್ತಿದ್ದರೆ ಹಾಲನ್ನು ಬೈಯುವ ಮೊದಲು ಪಾತ್ರೆ ನೋಡಿ. ಮಧ್ಯಾಹ್ನ ಹುಣಸೆ ಹುಳಿ ಹಾಕಿ ಮೀನು ಸಾರು ಮಾಡಿದ ತಪ್ಪಲೆಯಲ್ಲೇ ಸಂಜೆ ಹಾಲು ಕಾಯಿಸಿದರೆ ಒಡೆಯದೆ ಇನ್ನೇನಾಗುತ್ತದೆ? ಹಾಲಿನ ಪಾತ್ರೆ ಹಾಲಿಗೆ ಮಾತ್ರ. ಹಿಡಿಗೆ ಒಂದು ಕೆಂಪು ದಾರ ಕಟ್ಟಿ, ಎಲ್ಲರಿಗೂ ಗೊತ್ತಾಗಲಿ.

## ಹಂತ 7: ಬೆರೆಸಿ ಹಂಚುವುದು

ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಒದ್ದೆ ತಾಟಿನ ಮೇಲಿಡಿ. ಡಿಕಾಕ್ಷನ್, ಸಕ್ಕರೆ ಅದಕ್ಕೇ ಹಾಕಿ. ಸಕ್ಕರೆ ಬೇಡದವರ ಪಾಲು ಮೊದಲೇ ತೆಗೆದಿಡಿ. ಸೌಟಿನಲ್ಲಿ ನಾಲ್ಕೈದು ಸಲ ಎತ್ತಿ ಸುರಿದರೆ ನೊರೆಯೂ ಬರುತ್ತದೆ. ಲೋಟದಿಂದ ಲೋಟಕ್ಕೆ ಮಾರುದ್ದ ಎಳೆಯುವುದನ್ನು ಲಂಗರು ಹಾಕಿದ ದಿನಕ್ಕೆ ಇಟ್ಟುಕೊಳ್ಳಿ.

ಮಗ್ಗುಗಳನ್ನು ಒಂದು ಮೀನಿನ ಕ್ರೇಟಿನಲ್ಲಿ, ತೊಳೆದದ್ದರಲ್ಲಿ, ಒತ್ತೊತ್ತಾಗಿ ಇಟ್ಟು ಮೂರನೇ ಎರಡರಷ್ಟು ಮಾತ್ರ ತುಂಬಿಸಿ. ಬಿಸಿ ಮಗ್ಗನ್ನು ಕೈಯಿಂದ ಕೈಗೆ ಕೊಡುವಾಗಲೇ ಜಾಸ್ತಿ ಚೆಲ್ಲುವುದು. ನೀವು ಇಡಿ, ಅವರು ಎತ್ತಿಕೊಳ್ಳಲಿ. ಡೆಕ್ ಮೇಲೆ ದೂರ ಇರುವವರಿಗೆ ತುಂಬಿದ ಮಗ್ಗು ಹಿಡಿದುಕೊಂಡು ಹೋಗಬೇಡಿ. ಕಾಫಿಯನ್ನು ಫ್ಲಾಸ್ಕಿಗೆ ಹಾಕಿ, ಹೆಗಲಿಗೆ ನೇತುಹಾಕಿಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ಹೋಗಿ, ಅಲ್ಲೇ ಬಗ್ಗಿಸಿ ಕೊಡಿ. ಹಾಲು ಬೆರೆಸಿದ ಕಾಫಿ ಫ್ಲಾಸ್ಕಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬೆಚ್ಚಗಿನ ಹಾಲು ಕೆಡುವುದಕ್ಕೆ ಅಷ್ಟು ಹೊತ್ತು ಸಾಕು.

ರಾತ್ರಿಗೆ ಬೇರೆ ವ್ಯವಸ್ಥೆ. ಮಲಗುವ ಮೊದಲು ಒಂದು ಫ್ಲಾಸ್ಕಿನಲ್ಲಿ ಬಿಸಿನೀರು, ಇನ್ನೊಂದರಲ್ಲಿ ಡಿಕಾಕ್ಷನ್, ಪಕ್ಕದಲ್ಲಿ ಹಾಲಿನ ಪುಡಿ, ಸಕ್ಕರೆ ಬೆರೆಸಿದ ಬಾಟಲಿ ಇಟ್ಟರೆ ಚುಕ್ಕಾಣಿ ಹಿಡಿದವರು ಒಲೆ ಹಚ್ಚದೆ ತಾವೇ ಮಾಡಿಕೊಳ್ಳುತ್ತಾರೆ. ಕಾಫಿ ತಲೆಗೇರಲು ಅರ್ಧ ಗಂಟೆ ಬೇಕು, ಹಾಗಾಗಿ ಪಾಳಿ ಶುರುವಾಗುವ ಮುಂಚೆಯೇ ಕುಡಿಯಲಿ. ಪಾಳಿ ಮುಗಿಸಿ ಮಲಗಲು ಹೋಗುವವರಿಗೆ ಪ್ರೀತಿಯಿಂದ ಕೂಡ ಕೊಡಬೇಡಿ. ಕುಡಿದದ್ದರಲ್ಲಿ ಅರ್ಧ ಕೆಫೀನ್ ಐದು ಗಂಟೆಯ ಮೇಲೂ ಮೈಯಲ್ಲೇ ಇರುತ್ತದೆ, ಅವರಿಗೆ ಸಿಗುವ ನಿದ್ದೆಯೇ ಮೂರ್ನಾಲ್ಕು ಗಂಟೆ.

ಹೊಸದಾಗಿ ಬೋಟು ಹತ್ತಿದವರಿಗೆ ಮೊದಲ ದಿನ ಖಾಲಿ ಹೊಟ್ಟೆಗೆ ಹಾಲಿನ ಕಾಫಿ ಬೇಡ, ವಾಂತಿಗೆ ಅದೇ ದಾರಿ. ರಸ್ಕೋ ಒಣ ಅವಲಕ್ಕಿಯೋ ತಿಂದು, ಶುಂಠಿ ನೀರು ಕುಡಿದು, ಹೊಟ್ಟೆ ನಿಂತ ಮೇಲೆ ಕಾಫಿ.

## ಹಂತ 8: ನಾಡದೋಣಿಯಾದರೆ

ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವ ದೋಣಿಯಲ್ಲಿ ಒಲೆ ಇಡುವ ಆಲೋಚನೆಯೇ ಬೇಡ. ಪಕ್ಕದಲ್ಲೇ ಸೀಮೆಎಣ್ಣೆ, ಪೆಟ್ರೋಲ್ ಕ್ಯಾನ್ ಇರುತ್ತದೆ. ಮನೆಯಲ್ಲೇ ಗಟ್ಟಿ ಡಿಕಾಕ್ಷನ್ ಇಳಿಸಿ ಒಂದು ಫ್ಲಾಸ್ಕ್, ಕುದಿಬಿಸಿ ಹಾಲು ಇನ್ನೊಂದು ಫ್ಲಾಸ್ಕ್. ಎರಡನ್ನೂ ಬಾಯಿಯವರೆಗೆ ತುಂಬಿ, ಒಳಗೆ ಗಾಳಿ ಇದ್ದಷ್ಟೂ ಬೇಗ ಆರುತ್ತದೆ. ಹಾಲನ್ನು ಮೊದಲ ಎರಡು ಗಂಟೆಯೊಳಗೆ ಮುಗಿಸಿ. ಆಮೇಲೆ ಬೇಕೆಂದರೆ ಬೆಲ್ಲ ಹಾಕಿದ ಕಪ್ಪು ಕಾಫಿ, ಅದು ಅಷ್ಟು ಬೇಗ ಕೆಡುವುದಿಲ್ಲ. ಫ್ಲಾಸ್ಕನ್ನು ದಾರದಿಂದ ಅಡ್ಡಹಲಗೆಗೆ ಕಟ್ಟಿಹಾಕಿ.

## ಹಂತ 9: ತೊಳೆಯುವುದು, ಎತ್ತಿಡುವುದು

ಬೋಟಿನಲ್ಲಿ ಪಾತ್ರೆ ತೊಳೆಯುವುದು ಉಪ್ಪುನೀರಲ್ಲೇ, ಬೇರೆ ದಾರಿ ಇಲ್ಲ. ಆದರೆ ಫಿಲ್ಟರ್, ಫ್ಲಾಸ್ಕ್, ಮಗ್ಗುಗಳಿಗೆ ಕೊನೆಗೊಮ್ಮೆ ಅರ್ಧ ಲೋಟ ಸಿಹಿನೀರು ಸುತ್ತಾಡಿಸಿ ಚೆಲ್ಲಬೇಕು. ಕಾಫಿಗೆ ಉಪ್ಪು ಬರುವುದು ಹೆಚ್ಚಾಗಿ ನೀರಿನಿಂದ ಅಲ್ಲ, ಒಣಗಿದ ಮಗ್ಗಿನ ಒಳಗೋಡೆಯಿಂದ. ಬೆರಳಿನಿಂದ ಸವರಿ ನಾಲಿಗೆಗೆ ಮುಟ್ಟಿಸಿ ನೋಡಿ, ಗೊತ್ತಾಗುತ್ತದೆ. ಫ್ಲಾಸ್ಕನ್ನು ಮುಚ್ಚಳ ಹಾಕದೆ ಕವುಚಿ ಕಟ್ಟಿಡಿ. ಮುಚ್ಚಳದ ರಬ್ಬರ್ ತೆಗೆದು ತೊಳೆಯದಿದ್ದರೆ ಹಾಲಿನ ನಾತ ಅಲ್ಲೇ ಕೂರುತ್ತದೆ. ಸೋಸುವ ಬಟ್ಟೆಯನ್ನು ಬಿಸಿಲಿಗೆ ಒಣಗಿಸಿ, ಸೋಪು ಹಾಕಬೇಡಿ.

ಚರಟವನ್ನು ಡೆಕ್ ಮೇಲಿಂದ ತಳಕ್ಕೆ ಹರಿಯಲು ಬಿಡಬೇಡಿ. ನೀರೆತ್ತುವ ಪಂಪಿನ ಜಾಲರಿಗೆ ಅದು ಅಂಟಿಕೊಂಡು ಕಟ್ಟಿದರೆ, ಬೇಕಾದ ಹೊತ್ತಿಗೆ ಪಂಪು ನೀರೆತ್ತುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ. ಫಿಲ್ಟರನ್ನು ಬೋಟಿನಲ್ಲೇ ಬಿಡಬೇಡಿ, ಮನೆಗೆ ಒಯ್ಯಿರಿ. ಮೇಲಿನ ಪಾತ್ರೆಯ ತೂತಿನ ತಳವನ್ನು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಒಂದೆರಡು ನಿಮಿಷ ಕಾಯಿಸಿ, ಆರಿದ ಮೇಲೆ ಬ್ರಷ್‌ನಿಂದ ಉಜ್ಜಿ. ಬೆಳಕಿಗೆ ಹಿಡಿದರೆ ಪ್ರತಿ ತೂತೂ ಕಾಣಬೇಕು. ಒಲೆಯ ಸರಳಿನ ತುಕ್ಕು ಕೆರೆದು ಬಣ್ಣ ಹಚ್ಚಿಸುವುದು, ಗ್ಯಾಸ್ ಪೈಪು ಬಾಗಿಸಿ ಬಿರುಕು ನೋಡುವುದು ಈ ಎರಡು ತಿಂಗಳಲ್ಲೇ ಆಗಬೇಕು. ಪೈಪಿನ ಮೇಲೆ ಮುದ್ರಿಸಿದ ವರ್ಷ ನೋಡಿ, ಐದು ವರ್ಷ ದಾಟಿದ್ದರೆ ಬಿರುಕು ಕಾಣದಿದ್ದರೂ ಬದಲಿಸಿ. ಜೊತೆಗೆ ರೆಗ್ಯುಲೇಟರ್ ಕೂರುವ ಕಡೆಯ ರಬ್ಬರ್ ವಾಶರ್ ಎರಡು ಜಾಸ್ತಿ ತಂದು ಕಾಫಿ ಡಬ್ಬಿಯೊಳಗೇ ಹಾಕಿಡಿ.